ಇನ್ನೂರು ಜನರ ಕೋಣೆ

ಪ್ರಿಯ ಓದುಗ ಮಿತ್ರರೇ,

ಶಿವಮೊಗ್ಗದಿಂದ ನೀವು ಬರೆದ ಕಾಗದ ಕೈಸೇರಿ ವಾರವಾಯಿತು. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಶನಿವಾರ ಬಂತೆಂದರೆ ಯಾವುದೋ ಇಕ್ಕಟ್ಟಿನ ಕತ್ತಲೆ ಜಾಗದಲ್ಲಿ ನಿಂತು ಬ್ಯಾಂಡ್ ಕೇಳಿ ಅಪರಾತ್ರಿಯಲ್ಲಿ ರೂಮಿಗೆ ಬರುತ್ತಾಳೆ ಎಂದು ಬರೆದಿದ್ದೀರಿ. ಅದೇ ಹಾಡು ಮೊಬೈಲಿನಲ್ಲಿ ಸಿಗುವಾಗ ಅಲ್ಲಿಗೇ ಹೋಗಬೇಕೇ ಎಂಬುದು ನಿಮ್ಮ ಪ್ರಶ್ನೆ. ಪ್ರಶ್ನೆಯಲ್ಲಿ ಸಿಟ್ಟಿಲ್ಲ, ಅಪ್ಪನ ಕಳವಳವಿದೆ. ಅದಕ್ಕೇ ಒಂದು ಸಾಲಿನಲ್ಲಿ ಉತ್ತರ ಕೊಡದೆ, ನಾನು ನಿಂತು ಬಂದ ಜಾಗಕ್ಕೇ ನಿಮ್ಮನ್ನು ಕರೆದೊಯ್ಯುತ್ತೇನೆ.

1999ನೇ ಇಸವಿ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಾರೀಖು ತಪ್ಪುತ್ತವೆ ಎಂಬ ಭಯದಲ್ಲಿ ನಮ್ಮಂಥ ಸಾವಿರಾರು ಹುಡುಗರನ್ನು ಅಮೆರಿಕ ಕರೆಸಿಕೊಂಡ ಕಾಲ. ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯ ಒಂದು ಮನೆಯಲ್ಲಿ ನಾವು ನಾಲ್ವರು ಇದ್ದೆವು. ವಾರವಿಡೀ ಕೆಲಸ, ವಾರದ ಕೊನೆಗೆ ಬಟ್ಟೆ ಒಗೆಯುವುದು, ಸಾರು ಕುದಿಸುವುದು, ಊರಿಗೆ ಫೋನು. ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬ ಗಿಟಾರಿನ ಹುಚ್ಚಿನವನು. ಒಂದು ಶುಕ್ರವಾರ ಸಂಜೆ, ಬಾ ಎಂದು ಎಳೆದುಕೊಂಡೇ ಹೋದ.

ಪಾತ್ ರೈಲಿನಲ್ಲಿ ಹೊಬೋಕನ್‌ಗೆ ಹೋದೆವು. ಫ್ರಾಂಕ್ ಸಿನಾತ್ರಾ ಹುಟ್ಟಿದ ಊರು ಅದು; ಹಡ್ಸನ್ ನದಿಯ ಆಚೆ ದಡದಲ್ಲೇ ಮ್ಯಾನ್‌ಹಟನ್. ಸ್ಟೇಷನ್ನಿನಿಂದ ವಾಷಿಂಗ್ಟನ್ ಸ್ಟ್ರೀಟ್ ಹಿಡಿದು ಇಪ್ಪತ್ತು ನಿಮಿಷ ನಡೆದರೆ ಹನ್ನೊಂದನೆಯ ಬೀದಿಯ ಮೂಲೆಯಲ್ಲಿ ‘ಮ್ಯಾಕ್ಸ್‌ವೆಲ್ಸ್’. ಸಮೀಪದಲ್ಲೇ ಇದ್ದ ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಕಾರ್ಖಾನೆಯಿಂದ ಬಂದ ಹೆಸರು. ಕಾರ್ಖಾನೆಯ ಕೆಲಸಗಾರರು ಪಾಳಿ ಮುಗಿಸಿ ಬಂದು ಕುಡಿಯುತ್ತಿದ್ದ ಆ ಜಾಗದಲ್ಲಿ 1978ರಿಂದ ಬ್ಯಾಂಡುಗಳು ನುಡಿಸತೊಡಗಿದವು. ನಾನು ಹೋಗುವ ಹೊತ್ತಿಗೆ ಕಾರ್ಖಾನೆ ಮುಚ್ಚಿತ್ತು, ಹಾಡು ಉಳಿದಿತ್ತು.

ಮುಂಭಾಗದಲ್ಲಿ ಊಟದ ಹೋಟೆಲು. ಹಿಂದೆ ಒಂದು ಕೋಣೆ, ಇನ್ನೂರು ಜನ ನಿಂತರೆ ಭರ್ತಿ. ಮೊಣಕಾಲೆತ್ತರದ ಕಟ್ಟೆಯೇ ವೇದಿಕೆ. ಅಂಗಾಲಿಗೆ ಅಂಟುವ ನೆಲ, ಚೆಲ್ಲಿದ ಬಿಯರಿನ ವಾಸನೆ, ಕಣ್ಣುರಿಸುವ ಸಿಗರೇಟಿನ ಹೊಗೆ. ನ್ಯೂಜೆರ್ಸಿಯಲ್ಲಿ ಬಾರುಗಳೊಳಗೆ ಸಿಗರೇಟು ನಿಷೇಧವಾದದ್ದು 2006ರಲ್ಲಿ. ಅಲ್ಲಿಯವರೆಗೆ ಮರುದಿನ ಎದ್ದಾಗ ಅಂಗಿ, ತಲೆಗೂದಲು, ದಿಂಬು ಎಲ್ಲಕ್ಕೂ ಅದೇ ಘಾಟು.

ಹಾಡುವವರು ನಮ್ಮ ನಡುವೆಯೇ ದಾರಿ ಬಿಡಿಸಿಕೊಂಡು ಬಂದರು. ಒಬ್ಬ ನನ್ನ ಭುಜಕ್ಕೆ ಗಿಟಾರ್ ತಾಗಿತೆಂದು ಕ್ಷಮೆ ಕೇಳಿ ಮುಂದೆ ಹೋದ. ಎರಡು ನಿಮಿಷದಲ್ಲಿ ಅದೇ ಗಿಟಾರು ಮೊರೆಯತೊಡಗಿತು. ಮೊದಲು ಕೇಳಿದ್ದು ಕಿವಿಯಲ್ಲ, ಎದೆಗೂಡು. ಡ್ರಮ್ಮಿನ ಒಂದೊಂದು ಏಟೂ ನೆಲದಿಂದ ಪಾದಕ್ಕೆ, ಪಾದದಿಂದ ಹೊಟ್ಟೆಗೆ ಏರಿತು. ಪದಗಳು ಅರ್ಥವಾಗಲಿಲ್ಲ. ಹಾಡುವವನ ಕತ್ತಿನ ನರ ಉಬ್ಬಿದ್ದು ಕಂಡಿತು, ತಂತಿ ಹರಿದಾಗ ಅವನ ಮುಖ ಸಣ್ಣಗಾದದ್ದು ಕಂಡಿತು, ಜೊತೆಗಾರ್ತಿ ಅವನತ್ತ ನೋಡಿ ನಕ್ಕು ಲಯ ಬಿಡದೆ ಹಿಡಿದುಕೊಂಡದ್ದು ಕಂಡಿತು.

ಆ ಹೊತ್ತಿಗೆ ನನಗೆ ನೆನಪಾದದ್ದು ತೀರ್ಥಹಳ್ಳಿ ಕಡೆಯ ಅಜ್ಜನ ಮನೆ. ಮಳೆಗಾಲದ ರಾತ್ರಿ, ಜಗಲಿಯಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಗ್ಯಾಸ್‌ಲೈಟಿನ ಬೆಳಕಿನಲ್ಲಿ ಚಾಪೆಯ ಮೇಲೆ ಕೂತ ಭಾಗವತರು, ಮದ್ದಳೆ, ಚೆಂಡೆ, ಎದುರುಬದುರು ಅರ್ಥಧಾರಿಗಳು. ನಾವು ಮಕ್ಕಳು ಮದ್ದಳೆಯವರ ಮೊಣಕಾಲಿಗೆ ತಾಗಿಯೇ ಕೂರುತ್ತಿದ್ದೆವು. ಕರ್ಣನ ಮಾತು ಬಂದಾಗ ಅರ್ಥ ಹೇಳುವವರ ಗಂಟಲು ಕಟ್ಟುವುದು ನಮಗೆ ಕಾಣುತ್ತಿತ್ತು. ನಮ್ಮ ಕಣ್ಣು ತುಂಬುವುದು ಅವರಿಗೂ ಕಾಣುತ್ತಿತ್ತು. ಸಭೆ ಜೀವಂತವಾಗಿದ್ದರೆ ಮಾತು ಬೆಳೆಯುತ್ತಿತ್ತು, ಸಭೆ ತೂಕಡಿಸಿದರೆ ಮಾತೂ ಬಾಡುತ್ತಿತ್ತು. ಸಾವಿರಾರು ಮೈಲಿ ದೂರದ ಆ ಹೊಗೆ ತುಂಬಿದ ಕೋಣೆಯಲ್ಲಿ ನಡೆದದ್ದೂ ಅದೇ. ಪರದೇಶಕ್ಕೆ ಬಂದ ಮೇಲೆ ಮೊದಲ ಸಲ ನನಗೆ ಒಂಟಿ ಅನ್ನಿಸಲಿಲ್ಲ.

ಆಮೇಲೆ ಹದಿಮೂರು ಹದಿನಾಲ್ಕು ವರ್ಷ ಆ ಬಾಗಿಲಿಗೆ ಎಡತಾಕಿದೆ. ಆ ಕಟ್ಟೆಯ ಇತಿಹಾಸ ನಿಧಾನವಾಗಿ ತಿಳಿಯಿತು. ಆರ್‌ಇಎಂ ಬ್ಯಾಂಡು ಅಲ್ಲಿ ನುಡಿಸಿತ್ತು. ನಿರ್ವಾಣ ಎಂಬ ಬ್ಯಾಂಡಿನವರು 1989ರಲ್ಲಿ ಬಂದು ಹಾಡಿದಾಗ ಅವರನ್ನು ಬಲ್ಲವರು ಕಡಿಮೆ; ಎರಡೇ ವರ್ಷದಲ್ಲಿ ‘ನೆವರ್‌ಮೈಂಡ್’ ಆಲ್ಬಮ್ ಬಂದು ಜಗತ್ತೇ ಅವರ ಹಿಂದೆ ಬಿತ್ತು. ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ‘ಗ್ಲೋರಿ ಡೇಸ್’ ಹಾಡಿನ ವಿಡಿಯೋಗೆ 1985ರಲ್ಲಿ ಅದೇ ಕೋಣೆಯಲ್ಲಿ ಕ್ಯಾಮೆರಾ ಇಟ್ಟರು. ಅದೇ ಊರಿನ ಯೋ ಲಾ ಟೆಂಗೋ ಬ್ಯಾಂಡು 2001ರಲ್ಲಿ ಒಂದು ಸಂಪ್ರದಾಯ ಹಾಕಿತು. ಯಹೂದಿಗಳ ದೀಪದ ಹಬ್ಬ ಹಾನುಕಾ ಎಂಟು ರಾತ್ರಿಯದು. ಎಂಟು ರಾತ್ರಿಯೂ ಅಲ್ಲೇ ಹಾಡು, ಬಂದ ಹಣ ದಾನಕ್ಕೆ. ಅವತ್ತು ಅತಿಥಿಯಾಗಿ ಯಾರು ಬರುತ್ತಾರೆಂಬುದು ಒಳಗೆ ಹೋದ ಮೇಲೆಯೇ ಗೊತ್ತಾಗುವುದು. ಅಂಥ ಒಂದು ಡಿಸೆಂಬರ್ ರಾತ್ರಿ ಹೊರಗೆ ಹಿಮ, ಒಳಗೆ ಬೆವರು. ಅವರು ದನಿ ತಗ್ಗಿಸುತ್ತ ತಗ್ಗಿಸುತ್ತ ಪಿಸುಮಾತಿಗೆ ಇಳಿದರು. ಇನ್ನೂರು ಜನ ಉಸಿರು ಹಿಡಿದು ನಿಂತೆವು. ಮುಂಭಾಗದ ಹೋಟೆಲಿನಲ್ಲಿ ತಟ್ಟೆಗೆ ಚಮಚ ತಾಗಿದ ಸದ್ದು ಕೇಳಿತು. ರಾಕ್ ಎಂದರೆ ಬರೀ ಗದ್ದಲ ಎನ್ನುವವರಿಗೆ ಆ ಮೌನವನ್ನು ಹೇಗೆ ತೋರಿಸಲಿ?

ನದಿ ದಾಟಿದರೆ ಸಿಬಿಜಿಬಿ ಎಂಬ ಕ್ಲಬ್ಬು ಇತ್ತು, ಮ್ಯಾನ್‌ಹಟನ್ನಿನ ಬವರಿ ಬೀದಿಯ 315ನೇ ನಂಬರಿನಲ್ಲಿ. ಹಿಲ್ಲಿ ಕ್ರಿಸ್ಟಲ್ ಅದನ್ನು ತೆರೆದದ್ದು 1973ರ ಡಿಸೆಂಬರಿನಲ್ಲಿ. ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಹಾಡಿಸಬೇಕೆಂದು ಆ ಮೂರರ ಮೊದಲಕ್ಷರಗಳಲ್ಲೇ ಹೆಸರಿಟ್ಟರು. ಬಂದವರು ಮಾತ್ರ ಟೆಲಿವಿಷನ್, ರಮೋನ್ಸ್, ಪ್ಯಾಟಿ ಸ್ಮಿತ್, ಬ್ಲಾಂಡಿ, ಟಾಕಿಂಗ್ ಹೆಡ್ಸ್‌ನಂಥ ಪಂಕ್ ರಾಕ್ ಮಂದಿ. ಕ್ರಿಸ್ಟಲ್ ಅವರ ಷರತ್ತು ಮುಖ್ಯವಾಗಿ ಒಂದೇ: ಸ್ವಂತ ಹಾಡು ಹಾಡಬೇಕು, ಬೇರೆಯವರದ್ದನ್ನಲ್ಲ. ಹೆಸರಿಲ್ಲದ ಹುಡುಗರಿಗೆ ಆ ಒಂದು ಷರತ್ತೇ ದೊಡ್ಡ ಗುರುಮಠವಾಯಿತು. ಒಳಗೆ ಗೋಡೆಯ ಮೇಲೆ ಒಂದಂಗುಲ ಖಾಲಿ ಇರಲಿಲ್ಲ. ಸ್ಟಿಕರಿನ ಮೇಲೆ ಸ್ಟಿಕರು, ಗೀಚಿದ್ದರ ಮೇಲೆ ಗೀಚು. ಶೌಚಾಲಯ ಎಷ್ಟು ಹೊಲಸಾಗಿ ಹೆಸರಾಗಿತ್ತೆಂದರೆ 2013ರಲ್ಲಿ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯ ಪಂಕ್ ಉಡುಪಿನ ಪ್ರದರ್ಶನ ಮಾಡಿದಾಗ ಅದರ ಪ್ರತಿರೂಪವನ್ನೇ ಕಟ್ಟಿ ನಿಲ್ಲಿಸಿತು. ಹೊಲಸನ್ನು ನಾನು ಹೊಗಳುತ್ತಿಲ್ಲ. ಗೋಡೆ ಕೆಡುವ ಅಂಜಿಕೆ ಇಲ್ಲದ ಕಡೆ ಬಾಡಿಗೆ ಅಗ್ಗ. ಬಾಡಿಗೆ ಅಗ್ಗವಿದ್ದ ಕಡೆ ಇನ್ನೂ ಪಳಗದ ಹುಡುಗರಿಗೂ ವೇದಿಕೆ ಸಿಗುತ್ತದೆ. ತಪ್ಪು ನುಡಿಸಿ ಕಲಿಯಲು ಒಂದು ಜಾಗ ಬೇಕಲ್ಲ!

ಆ ಅಗ್ಗದ ಬಾಡಿಗೆ ಎಷ್ಟು ದಿನ ಉಳಿದೀತು? ಬವರಿಯ ಬೆಲೆ ಏರಿತು, ಬಾಡಿಗೆಯ ವ್ಯಾಜ್ಯವಾಯಿತು, 2006ರ ಅಕ್ಟೋಬರ್ 15ರಂದು ಪ್ಯಾಟಿ ಸ್ಮಿತ್ ಹಾಡಿದ ಮೇಲೆ ಸಿಬಿಜಿಬಿಯ ಬಾಗಿಲು ಮುಚ್ಚಿತು. ಮರುವರ್ಷ ಕ್ರಿಸ್ಟಲ್ ಕೂಡ ತೀರಿಕೊಂಡರು. ಆ ಮಳಿಗೆಯಲ್ಲಿ ಆಮೇಲೆ ದುಬಾರಿ ಉಡುಪಿನ ಅಂಗಡಿ ಬಂತು. ಮ್ಯಾಕ್ಸ್‌ವೆಲ್ಸ್ 2013ರ ಜುಲೈ 31ಕ್ಕೆ ಮುಗಿಯಿತು. ಊರು ಬದಲಾಗಿತ್ತು, ಕಾರು ನಿಲ್ಲಿಸಲೂ ಸ್ಥಳವಿರಲಿಲ್ಲ. ಕೊನೆಯ ದಿನ ಬೀದಿಯಲ್ಲೇ ಜನ ಸೇರಿದ್ದೆವು. 1978ರಲ್ಲಿ ಮೊದಲು ನುಡಿಸಿದ್ದ ತಂಡದವರೇ ಕೊನೆಯ ದಿನವೂ ಬಂದು ನುಡಿಸಿದರು. ಅಪರಿಚಿತರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ಊರ ಹಳೆಯ ಮನೆ ಕೆಡವುವ ದಿನ ಜಗಲಿಯಲ್ಲಿ ನಿಂತ ಹಾಗಿತ್ತು ನನಗೆ.

ದಿ ರಿಪ್ಲೇಸ್‌ಮೆಂಟ್ಸ್ ಬ್ಯಾಂಡು 1986ರಲ್ಲಿ ಮ್ಯಾಕ್ಸ್‌ವೆಲ್ಸ್‌ನಲ್ಲಿ ಹಾಡಿದ ಒಂದು ರಾತ್ರಿಯ ಧ್ವನಿಮುದ್ರಣ 2017ರಲ್ಲಿ ಹೊರಬಂತು. ಈಗಲೂ ಒಮ್ಮೊಮ್ಮೆ ಹಾಕಿಕೊಂಡು ಕೇಳುತ್ತೇನೆ. ಹಾಡೆಲ್ಲ ಅದರಲ್ಲಿದೆ. ಆದರೆ ಪಕ್ಕದವರ ತೋಳಿನ ಬಿಸಿ ಇಲ್ಲ, ನನ್ನ ಮುಖ ನೋಡಿ ಮುಂದಿನ ಸಾಲು ಎತ್ತಿಕೊಳ್ಳುವ ಗಾಯಕನಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ: ಮೊಬೈಲಿನಲ್ಲಿ ಹಾಡು ನಮಗೆ ಕೇಳುತ್ತದೆ, ಸಣ್ಣ ಕೋಣೆಯಲ್ಲಿ ನಾವೂ ಹಾಡಿಗೆ ಕೇಳುತ್ತೇವೆ.

ನಿಮ್ಮ ಮಗಳು ನಿಲ್ಲುವ ಬೆಂಗಳೂರಿನ ಕೋಣೆಗಳ ಪಾಡೂ ಬೇರೆಯಲ್ಲ. ಸಾರ್ವಜನಿಕ ಮನರಂಜನೆಗೆ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ಹಾಡು ನಿಂತಿತು. ನಿಯಮ ಬೇಕು, ಬೆಂಕಿ ಬಿದ್ದರೆ ಓಡಲು ಬಾಗಿಲು ಬೇಕು, ಮೇಲಿನ ಮನೆಯವರಿಗೆ ನಿದ್ದೆ ಬೇಕು. ಆದರೆ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡು 1996ರಿಂದ ಬೆಳೆದದ್ದು, ಶಿಶುನಾಳ ಶರೀಫರ ಪದಕ್ಕೆ ರಘು ದೀಕ್ಷಿತ್ ಗಿಟಾರ್ ಜೋಡಿಸಿ ಹೊಸ ಕಿವಿಗಳಿಗೆ ಮುಟ್ಟಿಸಿದ್ದು ಇದೇ ಊರಿನಲ್ಲಿ. ಅಂಥವರು ಮೊದಲ ಸಲ ನಿಲ್ಲಲು ಅರಮನೆ ಮೈದಾನ ಸಿಗುವುದಿಲ್ಲ, ಇಂಥ ಕೋಣೆಯೇ ಸಿಗಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಮಗಳಿಗೆ ಹೇಳಿ. ನನ್ನ ಎಡಗಿವಿಯಲ್ಲಿ ಇವತ್ತಿಗೂ ಸಣ್ಣದೊಂದು ಜೀರುಂಡೆ ಕೂಗುತ್ತದೆ. 85 ಡೆಸಿಬೆಲ್ ಸದ್ದನ್ನು ಕಿವಿ ಎಂಟು ಗಂಟೆ ತಡೆದೀತು. 100 ಡೆಸಿಬೆಲ್ ಆದರೆ ಕಾಲು ಗಂಟೆ ಮಾತ್ರ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಬ್ಯಾಂಡಿನ ಕೋಣೆ ನೂರನ್ನು ಸಲೀಸಾಗಿ ದಾಟುತ್ತದೆ. ಕಿವಿಗೆ ಇಟ್ಟುಕೊಳ್ಳುವ ಪ್ಲಗ್ ಔಷಧಿ ಅಂಗಡಿಯಲ್ಲೇ ಸಿಗುತ್ತದೆ, ಎರಡು ಜೊತೆ ಕೊಂಡುಕೊಳ್ಳಿ.

ಎರಡನೆಯ ಜೊತೆ ನಿಮಗೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಶನಿವಾರ ರಾತ್ರಿಯೂ ಅಲ್ಲೇ ಉಳಿಯಿರಿ, ಮಗಳ ಜೊತೆ ಹೋಗಿ ಒಂದು ಬ್ಯಾಂಡು ಕೇಳಿ. ಹಾಡು ಹಿಡಿಸದಿದ್ದರೂ ಚಿಂತೆಯಿಲ್ಲ. ಬ್ಯಾಂಡಿನವರು ಹಾಡುವಾಗ ಮಗಳ ಮುಖ ನೋಡಿ, ಆಮೇಲೆ ನನಗೆ ಬರೆಯಿರಿ.

ಇಂತಿ ನಿಮ್ಮ ಗೆಳೆಯ