ಬಾಗಿಲ ಮೇಲಿನ ಬರಹ

ಮದ್ರಸದ ಮಕ್ಕಳು ಪ್ರಶ್ನೆ ಕೇಳಿದಾಗ ಉತ್ತರಿಸಲು ನಾವು ಕೊಂಚ ತಡಮಾಡುತ್ತೇವೆ. ಇದು ನಮ್ಮ ಗಾಂಭೀರ್ಯವೆಂದು ಹೆತ್ತವರಲ್ಲಿ ಕೆಲವರು ಭಾವಿಸಿದ್ದಾರೆ. ಸತ್ಯ ಬೇರೆಯೇ ಇದೆ. ಆ ತಡದ ಹಿಂದೆ ವಿಜಯಪುರದ ಒಂದು ಬಾಗಿಲು ಮತ್ತು ಅದರ ಮುಂದೆ ನಿಂತು ನಾವು ಆಡಿದ ಒಂದು ಸುಳ್ಳು ಇದೆ. ವರ್ಷಗಳಿಂದ ಹೊತ್ತುಕೊಂಡಿದ್ದ ಆ ಭಾರವನ್ನು ಇಂದು ಓದುಗರ ಮುಂದೆ ಇಳಿಸುತ್ತಿದ್ದೇವೆ.

ಇದು ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಕರಾವಳಿಯ ಪಳ್ಳಿ ದರ್ಸಿನಲ್ಲಿ ಕಿತಾಬು ಓದಿ ಬಂದಿದ್ದ ನಾವು ಕನ್ನಡದಲ್ಲಿ ಬಿ.ಎ. ಪದವಿಗೆ ಸೇರಿದ್ದೆವು. ತರಗತಿಯಲ್ಲಿ ಟೋಪಿ ಧರಿಸುತ್ತಿದ್ದವರು ನಾವೊಬ್ಬರೇ. ಸಹಪಾಠಿಗಳು ಪ್ರೀತಿಯಿಂದಲೇ ನಮ್ಮನ್ನು ‘ಮೌಲವಿ’ ಎಂದು ಕರೆಯುತ್ತಿದ್ದರು. ಆ ಕರೆಯಲ್ಲಿದ್ದ ಗೌರವವು ನಮಗೆ ಇಷ್ಟವಾಗಿತ್ತು, ಬಹುಶಃ ಬೇಕಾದುದಕ್ಕಿಂತ ಹೆಚ್ಚಾಗಿಯೇ.

ಅಧ್ಯಯನ ಪ್ರವಾಸಕ್ಕೆಂದು ಅಧ್ಯಾಪಕರು ನಮ್ಮನ್ನು ಅಂದಿನ ಬಿಜಾಪುರಕ್ಕೆ ಕರೆದೊಯ್ದರು. ಗೋಲಗುಮ್ಮಟದ ಎದುರಿಗೆ ಹಿಂದೆ ನಗಾರಿಖಾನೆಯಾಗಿದ್ದ ಕಟ್ಟಡದಲ್ಲಿ ಇಂದು ವಸ್ತುಸಂಗ್ರಹಾಲಯವಿದೆ. 1892ರಲ್ಲಿ ಆರಂಭವಾದ ಈ ಸಂಗ್ರಹವು ಈಗ ಭಾರತೀಯ ಪುರಾತತ್ತ್ವ ಇಲಾಖೆಯ ಅಧೀನದಲ್ಲಿದೆ. ಕನ್ನಡ, ಅರಬಿ, ಪಾರಸಿ ಶಾಸನಗಳು, ಜೈನ ತೀರ್ಥಂಕರರ ಮೂರ್ತಿಗಳು, ಕೈಬರಹದ ಗ್ರಂಥಗಳು, ಹಳೆಯ ರತ್ನಗಂಬಳಿಗಳು, ಚೀನಾದಿಂದ ಬಂದ ಪಿಂಗಾಣಿ ಪಾತ್ರೆಗಳು ಒಂದೇ ಸೂರಿನಡಿ ಇವೆ. ಇವುಗಳನ್ನು ಮಾಡಿದವರ ನಂಬಿಕೆಗಳು ಬೇರೆ ಬೇರೆ, ಕಾಲವೂ ಬೇರೆ. ಆದರೆ ಮಾಡಿದವರೂ ಬಳಸಿದವರೂ ಮಣ್ಣಾಗಿದ್ದಾರೆ, ಅವರ ಕೈಯ ಕೆಲಸ ಮಾತ್ರ ಉಳಿದಿದೆ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿಯನ್ನು ನೋಡಲು ಕುರ್‌ಆನ್ ಮತ್ತೆ ಮತ್ತೆ ಹೇಳುವುದೇಕೆಂದು ದರ್ಸಿನಲ್ಲಿ ಓದಿದ್ದರೂ ಅದು ಅನುಭವಕ್ಕೆ ಬಂದದ್ದು ಆ ಕಲ್ಲುಗಳ ನಡುವೆ.

ಅಧ್ಯಾಪಕರು ಒಂದು ವೀರಗಲ್ಲಿನ ಮುಂದೆ ನಿಂತು ಅದನ್ನು ಓದುವ ಬಗೆಯನ್ನು ಕಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ವೀರನು ಹೋರಾಡಿ ಮಡಿಯುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ತಾನು ನಂಬಿದ ದೇವರ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಸವೆದ ಅಕ್ಷರಗಳಿದ್ದಲ್ಲಿ ಅವರು ಬೆರಳಿಟ್ಟು, “ಇಲ್ಲಿ ಏನಿದೆಯೋ ನನಗೆ ತಿಳಿಯದು” ಎಂದು ಮುಂದೆ ಸಾಗುತ್ತಿದ್ದರು. ಆ ಮಾತಿನ ಬೆಲೆ ಅಂದು ನಮಗೆ ತಿಳಿಯಲಿಲ್ಲ.

ಅಲ್ಲಿಂದ ಗುಮ್ಮಟದ ದಕ್ಷಿಣದ ಬಾಗಿಲಿಗೆ ಬಂದೆವು. ಬಾಗಿಲ ಮೇಲೆ ಕಲ್ಲಿನಲ್ಲಿ ಬಳುಕುವ ಅಕ್ಷರಗಳು. ಸಹಪಾಠಿಗಳೆಲ್ಲರೂ ನಮ್ಮತ್ತ ತಿರುಗಿದರು. “ಮೌಲವಿ, ಇದು ನಿನ್ನ ಪಾಠ, ಓದು” ಎಂದನೊಬ್ಬ ಗೆಳೆಯ. ನೋಡಿದೆವು. ಅಕ್ಷರಗಳು ಒಂದರ ಮೇಲೊಂದು ಏರಿ ಕುಳಿತಿದ್ದವು. ಒಂದೆರಡು ಪದಗಳು ಪರಿಚಿತವೆನಿಸಿದರೂ ವಾಕ್ಯ ಕೂಡಿಬರಲಿಲ್ಲ. ಲಿಪಿ ಅರಬಿಯದಾದರೂ ಭಾಷೆ ಪಾರಸಿ ಎಂಬುದು ಹೊಳೆಯುವಷ್ಟು ಜ್ಞಾನ ನಮಗಿರಲಿಲ್ಲ. ನಮ್ಮ ದರ್ಸಿನಲ್ಲಿ ಪಾರಸಿ ಇರಲಿಲ್ಲ.

“ತಿಳಿಯದು” ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೂವತ್ತು ಜೊತೆ ಕಣ್ಣುಗಳು ನಮ್ಮ ಮೇಲಿದ್ದವು. ನಾವು ಗಂಟಲು ಸರಿಪಡಿಸಿಕೊಂಡು, “ಇದು ಕುರ್‌ಆನಿನ ಸೂಕ್ತ, ಮರಣದ ಬಗ್ಗೆ” ಎಂದೆವು. ಕಂಠಪಾಠವಿದ್ದ ಒಂದು ಸೂಕ್ತವನ್ನು ಇಂಪಾಗಿ ಪಠಿಸಿ ಅರ್ಥವನ್ನೂ ಹೇಳಿದೆವು. ಎಲ್ಲರೂ ತಲೆದೂಗಿದರು. ಗೆಳೆಯನು ಅದನ್ನು ಪುಸ್ತಕದಲ್ಲಿ ಬರೆದುಕೊಂಡನು. ಒಳಗೆ ಹೋಗಿ ಮೆಟ್ಟಿಲೇರಿ ಗುಮ್ಮಟದ ಸುತ್ತುಪಡಸಾಲೆಯಲ್ಲಿ ನಿಂತಾಗ ಹುಡುಗರು ಕೂಗಿ ಕೂಗಿ ಪ್ರತಿಧ್ವನಿಯನ್ನು ಕೇಳಿ ಸಂತೋಷಪಟ್ಟರು. ನಮಗೆ ಕೂಗುವ ಮನಸ್ಸಾಗಲಿಲ್ಲ.

ತಿಳಿಯದೆ ಅಲ್ಲಾಹನ ಹೆಸರಿನಲ್ಲಿ ಮಾತನಾಡುವುದು ಘೋರ ಪಾಪಗಳ ಸಾಲಿಗೆ ಸೇರಿದುದೆಂದು ಕುರ್‌ಆನ್ ಎಚ್ಚರಿಸುತ್ತದೆ. ಅಂಗಡಿಯಲ್ಲಿ ತೂಕ ತಪ್ಪಿಸಿದರೆ ಪಾಪವೆಂದು ಮಕ್ಕಳಿಗೆ ಬೋಧಿಸುವ ನಾವು ಅಲ್ಲಾಹನ ವಚನವಲ್ಲದುದನ್ನು ಅವನ ವಚನವೆಂದು ಸಾರಿದ್ದೆವು. ಅದಕ್ಕೆ ಕಾರಣ ಹಸಿವೂ ಅಲ್ಲ, ಭಯವೂ ಅಲ್ಲ, ಬರೀ ಮರ್ಯಾದೆ ಉಳಿಸಿಕೊಳ್ಳುವ ಆಸೆ. ತೌಬಾ ಮಾಡಿದೆವು. ಆದರೆ ಕೇಳಿಸಿಕೊಂಡವರ ಬಳಿ ತಿದ್ದಲಿಲ್ಲ.

ಎರಡು ವರ್ಷಗಳ ಹಿಂದೆ ನಮ್ಮದೇ ಮದ್ರಸದ ಹಿರಿಯ ತರಗತಿಯ ಮಕ್ಕಳೊಡನೆ ಮತ್ತೆ ಅಲ್ಲಿಗೆ ಹೋದೆವು. ಅದೇ ಬಾಗಿಲು, ಅದೇ ಅಕ್ಷರಗಳು. “ಉಸ್ತಾದ್, ಇಲ್ಲಿ ಏನು ಬರೆದಿದೆ?” ಎಂದು ಹದಿಮೂರರ ಹುಡುಗನೊಬ್ಬ ಕೇಳಿದ. ಎದೆ ಒಮ್ಮೆ ಬಡಿದುಕೊಂಡಿತು.

“ತಿಳಿಯದು ಮಗನೇ. ಇದು ಪಾರಸಿ ಇರಬೇಕು, ನಮಗೆ ಪಾರಸಿ ಬರುವುದಿಲ್ಲ.”

“ಉಸ್ತಾದರಿಗೂ ತಿಳಿಯದೇ?” ಎಂದು ಅವನು ಬೆರಗಾದ. ಆದರೆ ಅವನ ಮುಖದಲ್ಲಿ ತಾತ್ಸಾರವಿರಲಿಲ್ಲ. “ಹಾಗಾದರೆ ಯಾರನ್ನಾದರೂ ಕೇಳೋಣವೇ?” ಎಂದ. ಇಪ್ಪತ್ತೈದು ವರ್ಷಗಳ ಹಿಂದೆ ನಮಗೆ ಹೊಳೆಯದ ದಾರಿಯನ್ನು ಅವನು ಕ್ಷಣದಲ್ಲಿ ತೋರಿಸಿದ್ದ.

ಳುಹ್‌ರ್ ನಮಾಝಿನ ಬಳಿಕ ಮಸೀದಿಯಲ್ಲಿ ಊರಿನ ಒಬ್ಬ ವೃದ್ಧರನ್ನು ವಿಚಾರಿಸಿದೆವು. ಅವರು ಉರ್ದು, ಪಾರಸಿ ಬಲ್ಲವರು. ಬಾಗಿಲ ಮೇಲಿರುವುದು ಮೂರು ಪಾರಸಿ ಬರಹಗಳೆಂದೂ ಗುಮ್ಮಟದೊಳಗೆ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಮರಣದ ವರ್ಷವು ಅವುಗಳ ಅಕ್ಷರಗಳಲ್ಲಿಯೇ ಅಡಗಿದೆಯೆಂದೂ ತಿಳಿಸಿದರು. ಅದು ಅಬ್ಜದ್ ಲೆಕ್ಕ. ಅಲಿಫ್‌ಗೆ 1, ಬಾಗೆ 2, ಹೀಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಒಂದು ಬರಹದ ನಾಲ್ಕು ಪದಗಳನ್ನು ಅವರು ಹೇಳಿದರು: ಸುಲ್ತಾನ್, ಮುಹಮ್ಮದ್, ಜನ್ನತ್, ಆಶಿಯಾನಿ. ಸ್ವರ್ಗದಲ್ಲಿ ನೆಲೆಸಿರುವ ಸುಲ್ತಾನ್ ಮುಹಮ್ಮದ್ ಎಂದು ಭಾವಾರ್ಥ.

ಮಕ್ಕಳು ಜಗಲಿಯಲ್ಲಿ ಕುಳಿತು ಕೂಡಿಸತೊಡಗಿದರು. ಮುಹಮ್ಮದ್: ಮೀಮ್ 40, ಹಾ 8, ಮೀಮ್ 40, ದಾಲ್ 4, ಒಟ್ಟು 92. ಸುಲ್ತಾನ್ 150. ಆಶಿಯಾನಿ 372. ಜನ್ನತ್ ಪದವನ್ನು ಅರಬಿಯ ರೂಢಿಯಂತೆ ಕೊನೆಗೆ ಹಾ ಬರೆದು 58 ಎಂದರು. ಒಟ್ಟು ಬಂದದ್ದು 672. “ಹಿಜರಿ 672ರಲ್ಲಿ ಆದಿಲ್ ಶಾಹಿಗಳೆಲ್ಲಿದ್ದರು?” ಎಂದು ವೃದ್ಧರು ನಕ್ಕರು. ಪಾರಸಿಯಲ್ಲಿ ಆ ಪದದ ಕೊನೆಗೆ ಉದ್ದನೆಯ ತಾ ಬರೆಯುತ್ತಾರೆ, ಅದರ ಬೆಲೆ 400. ಜನ್ನತ್ 453 ಆಯಿತು, ಮೊತ್ತ 1067 ಆಯಿತು. ಹಿಜರಿ 1067 ಎಂದರೆ 1656ನೇ ಇಸವಿ, ಸುಲ್ತಾನನು ತೀರಿಕೊಂಡ ವರ್ಷ. ಮಕ್ಕಳು ಸಂತೋಷದಿಂದ ಕೂಗಿಕೊಂಡರು.

ನಮಗೆ ಆ ಕ್ಷಣದಲ್ಲಿ ನೆನಪಾದದ್ದು ವೀರಗಲ್ಲು. ಹೋರಾಡಿ ಮಡಿದ ಹೆಸರಿಲ್ಲದ ವೀರನನ್ನು ಅವನ ಊರಿನವರು ಕಲ್ಲಿನ ಮೇಲಿನ ಪಟ್ಟಿಕೆಯಲ್ಲಿ ಸ್ವರ್ಗಕ್ಕೇರಿಸಿದ್ದರು. ಸುಲ್ತಾನನನ್ನು ಅವನ ಜನರು ಬಾಗಿಲ ಮೇಲೆ ಸ್ವರ್ಗಕ್ಕೇರಿಸಿದ್ದರು. ಯಾರು ಎಲ್ಲಿ ನೆಲೆಸಿದ್ದಾರೆಂಬುದು ಅಲ್ಲಾಹನಿಗೆ ಮಾತ್ರ ಗೊತ್ತು. ಕಲ್ಲಿನಲ್ಲಿರುವುದು ಉಳಿದವರ ಹಂಬಲ. ತಮ್ಮವರು ಒಳ್ಳೆಯ ಕಡೆಗೇ ಹೋಗಿರಲಿ ಎಂಬ ಹಂಬಲಕ್ಕೆ ಭಾಷೆ ಬೇರೆಯಾದರೂ ಬಗೆ ಬೇರೆಯಲ್ಲ. ಸುಳ್ಳು ಹೇಳಿ ನಾವು ಕಳೆದುಕೊಂಡದ್ದು ಇದನ್ನೇ. ಅಂದು ಕೇಳಿ ತಿಳಿದಿದ್ದರೆ ಈ ಎರಡು ಕಲ್ಲುಗಳನ್ನು ಗೆಳೆಯರೊಂದಿಗೆ ಜೊತೆಯಾಗಿ ಓದಬಹುದಿತ್ತು.

ಊರಿಗೆ ಮರಳಿ ಆ ಗೆಳೆಯನಿಗೆ ಫೋನು ಮಾಡಿದೆವು. ಅವನೀಗ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ನಡೆದುದನ್ನೆಲ್ಲ ಹೇಳಿದೆವು. ಆ ಕಡೆ ಕೆಲಹೊತ್ತು ಮೌನ. “ಅಯ್ಯೋ ಮಾರಾಯಾ, ಪ್ರತಿ ವರ್ಷ ಪ್ರವಾಸ ಹೋದಾಗ ಮಕ್ಕಳಿಗೆ ನಾನು ಅದನ್ನೇ ಹೇಳಿಕೊಂಡು ಬಂದಿದ್ದೇನಲ್ಲ” ಎಂದ. ನಮ್ಮ ನಾಲಿಗೆ ಒಣಗಿತು. ನಾವು ಕ್ಷಮೆ ಕೇಳಿದೆವು. ಅವನು ಬಯ್ಯಲಿಲ್ಲ. “ಆ ಲೆಕ್ಕ ಬರೆದು ಕಳಿಸು. ಈ ಸಲ ಸರಿ ಮಾಡಿ ಹೇಳುತ್ತೇನೆ” ಎಂದ. ಬರೆದು ಕಳುಹಿಸಿದೆವು. ಆದರೆ ಅದಾಗಲೇ ಕೇಳಿ ಹೋದ ಮಕ್ಕಳನ್ನು ಹುಡುಕಿ ತಿದ್ದುವವರಾರು?

ಇಮಾಮ್ ಮಾಲಿಕ್(ರ) ಅವರಲ್ಲಿಗೆ ದೂರದಿಂದ ಪ್ರಶ್ನೆಗಳನ್ನು ಹೊತ್ತು ಬಂದವರಿಗೆ ಹೆಚ್ಚಿನವುಗಳಿಗೆ ತಿಳಿಯದು ಎಂಬ ಉತ್ತರವೇ ದೊರೆಯಿತೆಂದು ನಾವೆಲ್ಲ ಕೇಳಿದ್ದೇವೆ. ಅದರಿಂದ ಅವರ ಸ್ಥಾನ ಕುಗ್ಗಲಿಲ್ಲ. ರಜಾದಿನಗಳಲ್ಲಿ ಮಕ್ಕಳನ್ನು ಇಂತಹ ತಾಣಗಳಿಗೆ ಕರೆದೊಯ್ಯಿರಿ. ಕಲ್ಲುಗಳ ಮುಂದೆ ನಿಲ್ಲಿರಿ, ಫಲಕಗಳನ್ನು ಓದಿರಿ. ಅವರು ಕೇಳುವ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಬಲ್ಲವರನ್ನು ಜೊತೆಯಾಗಿ ಕೇಳಿರಿ. ನಮ್ಮ ನಾಲಿಗೆಯಿಂದ ಹೊರಟ ತಪ್ಪುಗಳನ್ನು ಅಲ್ಲಾಹನು ಮನ್ನಿಸಲಿ, ನಮ್ಮ ಮಾತು ಕೇಳಿ ನಂಬಿದವರಿಗೆ ಸತ್ಯವನ್ನು ತಲುಪಿಸಲಿ. ಆಮೀನ್.