ಇಂಡಾಫ್ ಅನ್ನೋ ಹೆಸರಲ್ಲೇ ಆಫ್ರಿಕಾ ಇದೆ

ರಾಗಿ ಬಿತ್ತನೆ ಗಡಿಬಿಡಿ ಶುರುವಾಗೋ ಮುಂಚೆ ಒಂದು ವಿಷಯ ಬರೀತಿದೀನಿ. ಸ್ವಲ್ಪ ಉದ್ದ ಆಯ್ತು, ಪುರುಸೊತ್ತಾದಾಗ ಓದಿ.

ನಮ್ಮ ಪಂಚಾಯ್ತಿಯಲ್ಲಿ ಊರಿನ ಬೀಜ, ಗಿಡಮರ, ದನಕರು, ನಾರುಬೇರು ಎಲ್ಲದರ ಪಟ್ಟಿ ಮಾಡಬೇಕು ಅಂತ ಹೇಳ್ತಿದಾರೆ. ಇದಕ್ಕೆ ಜೀವವೈವಿಧ್ಯ ದಾಖಲಾತಿ ಅಂತ ಹೆಸರು. ಯಾರ ಮನೇಲಿ ಹಳೇ ತಳಿ ಇದೆಯೋ ಬಂದು ಬರೆಸಿ ಅಂದ್ರು. ಆದರೆ ಟೀ ಅಂಗಡಿ ಹತ್ರ ಮಾತು ಬೇರೆ. "ಬರೆಸಬೇಡಿ ಕಣ್ರಪ್ಪ, ಬರೆಸಿದ್ರೆ ನಮ್ಮ ಬೀಜ ಫಾರಿನ್ನಿಗೆ ಹೋಯ್ತದೆ. ನಮ್ಮದು ನಮ್ಮತ್ರಾನೇ ಇರಲಿ" ಅಂತಾರೆ.

ಈ ಭಯ ಸುಳ್ಳಲ್ಲ. ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ ಅಮೆರಿಕಾದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿದ್ರು. ನಮ್ಮ ದೇಶದ ವಿಜ್ಞಾನಿಗಳು ಹಳೇ ಗ್ರಂಥದ ಸಾಕ್ಷಿ ಮುಂದಿಟ್ಟು ಹೋರಾಡಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬೇವಿನ ಎಣ್ಣೆಗೂ ಯುರೋಪಿನಲ್ಲಿ ಇದೇ ಕಥೆ. ಆದರೆ ಗಮನಿಸಿ, ಗೆದ್ದದ್ದು ಬರವಣಿಗೆಯಲ್ಲಿದ್ದ ಸಾಕ್ಷಿಯಿಂದ. ಮುಚ್ಚಿಟ್ಟಿದ್ರೆ ಏನು ತೋರಿಸ್ತಿದ್ರು?

ಇನ್ನು "ನಮ್ಮದು" ಅನ್ನೋ ಮಾತಿಗೆ ಬರೋಣ. ರಾಗಿ ಹುಟ್ಟಿದ್ದು ನಮ್ಮಲ್ಲಲ್ಲ, ಪೂರ್ವ ಆಫ್ರಿಕಾದ ಎತ್ತರದ ಸೀಮೆಗಳಲ್ಲಿ, ಇಥಿಯೋಪಿಯಾ, ಉಗಾಂಡ ಆ ಕಡೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂತು. ಇವತ್ತಿಗೂ ಇಥಿಯೋಪಿಯಾದವರು ಅದನ್ನ ಡಗುಸಾ ಅಂತಾರೆ, ಕೀನ್ಯಾದಲ್ಲಿ ಅದರ ಗಂಜಿ ಕುಡೀತಾರೆ. ನಾವು ಮುದ್ದೆ ಮಾಡಿದ್ವಿ, ಅಷ್ಟೇ ವ್ಯತ್ಯಾಸ.

ಅದೂ ಹಳೇ ಮಾತಾಯ್ತು ಅನ್ನೋರು ನಮ್ಮ ಮಂಡ್ಯದ ವಿ.ಸಿ. ಫಾರಂ ನೆನಪು ಮಾಡ್ಕೊಳ್ಳಿ. ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ವಿಜ್ಞಾನಿ ಅಲ್ಲಿ ಕೂತು ನಮ್ಮ ನಾಟಿ ರಾಗಿಗೂ ಆಫ್ರಿಕಾ ರಾಗಿಗೂ ಸಂಕರ ಮಾಡಿದರು. ಆಫ್ರಿಕಾದ್ದು ದಪ್ಪ ತೆನೆ, ಗಟ್ಟಿ ದಂಟು. ನಮ್ಮದು ಬೇಗ ಕೊಯ್ಲಿಗೆ ಬರೋದು. ಎರಡೂ ಸೇರಿ 1970ರ ದಶಕದಲ್ಲಿ ಬಂದದ್ದೇ ಇಂಡಾಫ್ ತಳಿಗಳು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್', ಅಷ್ಟೇ ಆ ಹೆಸರಿನ ಅರ್ಥ. ಈಗ ಬೆಂಕಿ ರೋಗಕ್ಕೆ ತಡೀತದೆ ಅಂತ ನಾವೆಲ್ಲ ಹಾಕೋ ಜಿ.ಪಿ.ಯು. 28ರ ಮೂಲದಲ್ಲೂ ಇಂಡಾಫ್ ರಕ್ತ ಇದೆ. ಆವತ್ತು ಆಫ್ರಿಕಾದ ರೈತರು "ನಮ್ಮದು ನಮ್ಮತ್ರಾನೇ ಇರಲಿ" ಅಂತ ಬೀಜ ಬಚ್ಚಿಟ್ಟಿದ್ರೆ ನಮ್ಮ ಕಣ ಇಷ್ಟು ತುಂಬ್ತಿರಲಿಲ್ಲ.

ಹಂಗಂತ ಕೇಳಿದೋರಿಗೆಲ್ಲ ಕೊಟ್ಟು ಕೈ ಮುಗೀರಿ ಅಂತ ನಾನು ಹೇಳ್ತಿಲ್ಲ. ಕೊಡುಕೊಳ್ಳೋದಕ್ಕೆ ಒಂದು ಲೆಕ್ಕ ಬೇಕು. ಆ ಲೆಕ್ಕಕ್ಕೇ ದೇಶ ದೇಶಗಳು ಸೇರಿ 1992ರಲ್ಲಿ ಬ್ರೆಜಿಲ್ಲಿನ ರಿಯೋದಲ್ಲಿ ಜೀವವೈವಿಧ್ಯ ಒಪ್ಪಂದ ಮಾಡಿಕೊಂಡವು. ಅಲ್ಲೀವರೆಗೂ ಬೀಜ ಅಂದ್ರೆ ಇಡೀ ಮನುಷ್ಯ ಕುಲದ ಆಸ್ತಿ, ಯಾರು ಬೇಕಾದ್ರೂ ತಗೊಂಡು ಹೋಗಬಹುದು ಅನ್ನೋ ರೂಢಿ ಇತ್ತು. ಒಪ್ಪಂದ ಹೇಳಿದ್ದು ಮೂರು ಮಾತು: ಉಳಿಸಿ, ಹಾಳುಮಾಡದ ಹಾಗೆ ಬಳಸಿ, ಬಂದ ಲಾಭ ಹಂಚಿಕೊಳ್ಳಿ. ಆಯಾ ದೇಶದ ಜೀವಸಂಪತ್ತಿನ ಮೇಲೆ ಆಯಾ ದೇಶಕ್ಕೇ ಹಕ್ಕು. ನಮ್ಮ 2002ರ ಜೀವವೈವಿಧ್ಯ ಕಾಯ್ದೆ ಬಂದದ್ದು ಅದರಿಂದಲೇ, ಪಂಚಾಯ್ತಿಯ ಈ ಪಟ್ಟಿಯೂ ಆ ಕಾಯ್ದೆಯಿಂದಲೇ.

ಬೆಳೆಗಳಿಗೆ ಬೇರೆ ಒಪ್ಪಂದ 2001ರಲ್ಲಿ ಆಯ್ತು. ಅದರ ಪಟ್ಟಿಯಲ್ಲಿ ಭತ್ತ, ಗೋಧಿ ಜೊತೆ ನಮ್ಮ ರಾಗಿಯೂ ಇದೆ. ಪಟ್ಟಿಯ ಬೆಳೆಯ ಬೀಜವನ್ನ ಬೀಜ ಭಂಡಾರದಿಂದ ತಗೊಂಡೋರು, ಆ ಬೀಜ ಬಂದ ಹಾಗೇ ಇಟ್ಟುಕೊಂಡು ತಮ್ಮದು ಅಂತ ಹಕ್ಕು ಹಾಕೋ ಹಾಗಿಲ್ಲ. ಅದೇ ವರ್ಷ ನಮ್ಮ ದೇಶ ಮಾಡಿದ ತಳಿ ರಕ್ಷಣೆ ಕಾಯ್ದೆಯಲ್ಲಿ ರೈತ ತನ್ನ ಬೀಜ ಇಟ್ಟುಕೊಳ್ಳೋದು, ಬಿತ್ತೋದು, ಹಂಚೋದು, ಮಾರೋದು ಎಲ್ಲ ಅವನ ಹಕ್ಕು. ರಕ್ಷಣೆ ಪಡೆದ ತಳಿಯನ್ನ ಬ್ರಾಂಡ್ ಹೆಸರು ಹಾಕಿ ಮಾರೋ ಹಾಗಿಲ್ಲ, ಅಷ್ಟೆ. ಇದೆಲ್ಲ ಕಾಗದದಲ್ಲಿ ಚೆನ್ನಾಗಿದೆ. ಲಾಭ ಹಂಚಿದ ದುಡ್ಡು ಮಾತ್ರ ನಮ್ಮ ಹೋಬಳಿಗೆ ಬಂದದ್ದನ್ನ ನಾನಂತೂ ನೋಡಿಲ್ಲ. ಆದರೆ ಕೇಳೋದಕ್ಕಾದ್ರೂ ನಮ್ಮ ಹೆಸರು ಎಲ್ಲೋ ಒಂದು ಕಡೆ ಬರೆದಿರಬೇಕಲ್ಲ?

ಇನ್ನೊಂದು ಪ್ರಶ್ನೆ ನನ್ನ ಮಗ ಕೇಳಿದ. "ಹೈದರಾಬಾದ್ ಪಕ್ಕ ಪಟಾಂಚೆರುವಿನ ಇಕ್ರಿಸ್ಯಾಟ್‌ನಲ್ಲಿ ಸಾವಿರಾರು ಬಗೆ ರಾಗಿ ಇಟ್ಟಿದಾರೆ. ನಾರ್ವೆ ದೇಶದ ಸ್ವಾಲ್ಬಾರ್ಡ್‌ನಲ್ಲಿ ಹಿಮದ ಬೆಟ್ಟ ಕೊರೆದು 2008ರಿಂದ ಲೋಕದ ಬೀಜ ಎಲ್ಲ ಇಡ್ತಿದಾರೆ. ನೀನ್ಯಾಕಪ್ಪ ನಾಲ್ಕು ಗುಂಟೆ ಹಳೇ ರಾಗಿಗೆ ಒದ್ದಾಡ್ತೀಯ?" ಅಂತ. ನಾನು ಹೇಳಿದೆ, ಫ್ರಿಜ್ಜಿನಲ್ಲಿರೋ ಬೀಜ ನಿದ್ದೆ ಮಾಡ್ತಿರ್ತದೆ ಮಗ. ಹೊಲದಲ್ಲಿರೋದು ವರ್ಷ ವರ್ಷ ಹೊಸ ಬಿಸಿಲು, ಹೊಸ ರೋಗ ನೋಡಿ ಪಾಠ ಕಲೀತದೆ. ಯಾವ ಮಣ್ಣಿಗೆ ಯಾವುದು, ಯಾವುದರ ಹುಲ್ಲು ದನ ಇಷ್ಟಪಡ್ತವೆ, ಈ ಲೆಕ್ಕವನ್ನ ಪೊಟ್ಟಣದಲ್ಲಿ ಹಾಕೋಕಾಗಲ್ಲ. ಅಲ್ಲೂ ಇರಲಿ, ಇಲ್ಲೂ ಇರಲಿ.

ನನ್ನ ಹತ್ರ ಇರೋದು ಕರಿಗಿಡ್ಡ ರಾಗಿ. ಇಳುವರಿ ಕಮ್ಮಿ, ಸುಳ್ಳು ಹೇಳಲ್ಲ. ಆದರೆ ನನ್ನ ಮೇಲಿನ ಹೊಲದ ತೆಳು ಕೆಂಪು ಮಣ್ಣಿನಲ್ಲಿ ಮಳೆ ಹದಿನೈದು ಇಪ್ಪತ್ತು ದಿನ ಕೈಕೊಟ್ರೂ ತಡ್ಕೊಂಡು ನಿಲ್ತದೆ. ನನಗೆ ಗೊತ್ತಿದ್ದಂಗೆ ನನ್ನ ಬಿಟ್ರೆ ಪಕ್ಕದ ಊರಿನ ಒಬ್ಬ ಅಜ್ಜಿ ಮನೇಲಿ ಮಾತ್ರ ಈ ಬೀಜ ಇದೆ. ಆ ಅಜ್ಜಿಗೆ ಎಪ್ಪತ್ತು ದಾಟಿದೆ, ಮಕ್ಕಳು ಬೆಂಗಳೂರಲ್ಲಿ. ಒಂದು ವರ್ಷ ಎರಡು ಮನೇಲೂ ಬಿತ್ತನೆ ತಪ್ಪಿದ್ರೆ ಮುಗೀತು. ಯಾರೂ ಕದ್ದುಕೊಂಡು ಹೋಗಬೇಕಾಗಿಲ್ಲ, ನಮ್ಮ ಕೈಯಲ್ಲೇ ಕಳೆದು ಹೋಯ್ತದೆ. ನನಗೆ ಫಾರಿನ್ನಿನವರಿಗಿಂತ ಈ ಭಯವೇ ದೊಡ್ಡದು.

ಅದಕ್ಕೇ ಈ ಸಲ ಬೂದಿ ಬೆರೆಸಿ ಇಟ್ಟಿರೋ ಬೀಜದಲ್ಲಿ ಐದು ಮನೆಗೆ ಒಂದೊಂದು ಸೇರು ಕೊಡ್ತೀನಿ. ದುಡ್ಡು ಬೇಡ, ಸುಗ್ಗಿ ಆದಮೇಲೆ ಎರಡು ಸೇರು ಮಾಡಿ ಇನ್ನೊಬ್ಬರಿಗೆ ಕೊಟ್ರೆ ಸಾಕು. ಹಂಗೇ ಪಂಚಾಯ್ತಿಗೆ ಹೋದಾಗ ತಳಿ ಹೆಸರು, ಯಾರಿಂದ ಬಂತು, ಎಷ್ಟು ವರ್ಷದಿಂದ ಬೆಳೀತಿದೀರಿ, ಏನು ಗುಣ, ಎಲ್ಲ ಬರೆಸಿ. ನಿಮ್ಮ ಮನೆಯ ವಾಡೆ, ಮಡಕೆಯಲ್ಲಿ ಇನ್ನೂ ಯಾವುದಾದ್ರೂ ಹಳೇ ಅವರೆ, ಜೋಳ, ರಾಗಿ ಇದ್ರೆ ಕೆಳಗೆ ಬರೀರಿ. ಬೀಜ ಬೇಕಾದೋರು ಆರಿದ್ರಾ ಮಳೆ ಒಳಗೆ ಮನೆ ಹತ್ರ ಬನ್ನಿ, ಚೀಲ ನೀವೇ ತನ್ನಿ.