ಆಯಿಯ ಧಾಟಿ



ಮುಖ್ಯೋಪಾಧ್ಯಾಯಿನಿಯು ಸಿನೇಮಾ ಹಾಡುಗಳನ್ನು ಕುರಿತು ಬರೆದಿರುವದನ್ನು ಕಂಡು ನಿಮ್ಮಲ್ಲಿ ಕೆಲವರು ಬೆರಗಾಗಬಹುದು. ನನ್ನ ತರಗತಿಯಲ್ಲಿ ಕುಳಿತವರಂತೂ ನಗುವರು. ಪಾಠದ ನಡುವೆ ಹಾಡು ಗುನುಗಿದವರನ್ನು ನಾನು ನೋಡುತ್ತಿದ್ದ ನೋಟವನ್ನು ಅವರು ಮರೆತಿರಲಾರರು. ಆದುದರಿಂದ ಈ ಬರಹವನ್ನು ಒಂದು ತಪ್ಪೊಪ್ಪಿಗೆಯೆಂದು ಓದಬೇಕಾಗಿ ಬೇಡಿಕೊಳ್ಳುವೆನು.

ನನ್ನ ಆಯಿಯು ಸುರಪುರದ ಕಡೆಯವಳು. ಜೋಳ ಕೇರುವಾಗ, ಕೌದಿ ಹೊಲಿಯುವಾಗ, ಆಕೆ ಬಾಯಿ ಮುಚ್ಚಿಕೊಂಡೇ ಒಂದು ಧಾಟಿಯನ್ನು ಗುನುಗುತ್ತಿದ್ದಳು. ಅದಕ್ಕೆ ಮಾತುಗಳಿರಲಿಲ್ಲ. “ಯಾವ ಹಾಡಬೇ ಆಯಿ ಅದು?” ಎಂದು ಕೇಳಿದರೆ, “ಯಾವದೂ ಅಲ್ಲವ್ವಾ, ಸುಮ್ನ,” ಎನ್ನುವಳು. ಹೆಣ್ಣುಮಕ್ಕಳು ಸಿನೇಮಾ ಹಾಡಿದರೆ ಮನೆಯ ಮಾನ ಹೋಗುವದೆಂದು ಹಿರಿಯರು ಗದರಿಸುತ್ತಿದ್ದ ಕಾಲದಲ್ಲಿ ಬೆಳೆದವಳು ಆಕೆ. ಮಾತುಗಳನ್ನು ಬಿಟ್ಟು ಧಾಟಿಯನ್ನು ಮಾತ್ರ ಉಳಿಸಿಕೊಂಡಿದ್ದಳೆಂದು ನನಗೆ ತಿಳಿಯುವ ಹೊತ್ತಿಗೆ ಆಕೆ ನಮ್ಮನ್ನು ಅಗಲಿ ಹೋಗಿದ್ದಳು.

ಎರಡು ವರ್ಷಗಳ ಹಿಂದೆ ಒಂದು ಮಳೆಗಾಲದ ಸಂಜೆ, ಗ್ಯಾದರಿಂಗಿಗೆ ಬೇಕಾದ ಹಳೆಯ ಗೀತೆಗಳನ್ನು ಅಂತರ್ಜಾಲದಲ್ಲಿ ಹುಡುಕುತ್ತಿದ್ದೆನು. ದಾರಿ ತಪ್ಪಿ ಅಮೀರಬಾಯಿ ಕರ್ನಾಟಕಿಯವರ ಹಾಡೊಂದಕ್ಕೆ ಬಂದೆನು. 1944ರ ‘ರತನ್’ ಚಿತ್ರದ ಹಾಡು, ರಾಗಸಂಯೋಜನೆ ನೌಷಾದರದು. ಎರಡನೆಯ ಸಾಲಿಗೆ ನನ್ನ ಕೈಯ ಚಹಾ ಆರಿತು. ಅದು ಆಯಿಯ ಧಾಟಿ! ಅಮೀರಬಾಯಿಯವರು ನಮ್ಮ ನೆರೆಯ ವಿಜಾಪುರ ಸೀಮೆಯ ಬೀಳಗಿಯಿಂದ ಮುಂಬಯಿಗೆ ಹೋಗಿ ಹೆಸರಾದವರೆಂಬುದನ್ನು ಕೂಡ ನಾನು ಅಂದೇ ಅರಿತೆನು. ಮುಂಬಯಿಯಿಂದ ಮದ್ರಾಸಿಗೆ ಹೋಗುವ ರೈಲುದಾರಿಯ ಮೇಲೆ ನಮ್ಮ ಯಾದಗಿರಿ ಇರುವದಷ್ಟೆ. ಆ ಹಾಡೂ ಯಾರ ಪೆಟ್ಟಿಗೆಯಲ್ಲೋ ಕುಳಿತು ಇಲ್ಲಿಗೆ ಇಳಿದು ಬಂದಿರಬೇಕು.

ಅಂದಿನಿಂದ ದಿನಕ್ಕೊಂದು ಹಾಡು ಕೇಳುವ ರೂಢಿಯಾಯಿತು. ಅರಗಿನಿಂದ ಮಾಡಿದ ಆ ಪ್ಲೇಟುಗಳು ಮಿನಿಟಿಗೆ 78 ಸುತ್ತು ತಿರುಗುತ್ತಿದ್ದವು. ಒಂದು ಮಗ್ಗುಲಿಗೆ ಸುಮಾರು ಮೂರೇ ಮಿನಿಟು. ಗಂಟೆಗಟ್ಟಲೆ ಹಾಡಬಲ್ಲವರು ತಮ್ಮ ವಿದ್ಯೆಯನ್ನೆಲ್ಲ ಅಷ್ಟರಲ್ಲಿ ಅಡಗಿಸಬೇಕಾಗಿತ್ತು. 1902ರಲ್ಲಿ ಹಾಡು ಮುದ್ರಿಸಿದ ಗೌಹರಜಾನರು ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವರು. ಅವರು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿಯೇ. ಗಂಗೂಬಾಯಿ ಹಾನಗಲ್ಲರು ‘ಗಾಂಧಾರಿ’ ಎಂಬ ಹೆಸರಿನಿಂದ ಹಾಡಿದ ಮೊದಲ ಪ್ಲೇಟನ್ನೂ, ಮುಂದಿನ ಗಂಭೀರ ಕಂಠದ ಗಾಯನವನ್ನೂ ಹತ್ತನೆಯ ತರಗತಿಗೆ ಒಟ್ಟಿಗೆ ಕೇಳಿಸಿದೆನು. ಒಬ್ಬರೇ ಎಂದರೆ ಮಕ್ಕಳು ನಂಬಲೊಲ್ಲರು! ಉದಯಶಂಕರರ 1948ರ ‘ಕಲ್ಪನಾ’ ಚಿತ್ರದ ನೃತ್ಯವನ್ನು ತೋರಿಸಿದಾಗ, ನಗಲೆಂದು ಕುಳಿತವರು ನಗುವದನ್ನು ಮರೆತರು.

ಇನ್ನು ತಪ್ಪಿನ ಮಾತು. ಗಂಗೂಬಾಯಿಯವರು ಬಾಲ್ಯದಲ್ಲಿ ಬೀದಿಯಲ್ಲಿ ಹೋಗುವಾಗ ‘ಗಾನೇವಾಲಿ’ ಎಂದು ಜನರು ಹಂಗಿಸುತ್ತಿದ್ದರಂತೆ. ಅದನ್ನು ಓದಿದಾಗ ನನಗೆ ಆ ಜನರ ಮೇಲೆ ಸಿಟ್ಟು ಬಂದಿತು. ಮರುಕ್ಷಣವೇ ತಲೆ ತಗ್ಗಿತು. ಇಪ್ಪತ್ತು ವರ್ಷಗಳ ಹಿಂದೆ, ನಾನು ಹೊಸ ಶಿಕ್ಷಕಿಯಾಗಿದ್ದಾಗ, ಶಹಾಪುರದ ಹುಡುಗಿಯೊಬ್ಬಳು ಹಳೆಯ ಹಾಡಿಗೆ ಕುಣಿತವೊಂದನ್ನು ಒಂದು ತಿಂಗಳು ಕಲಿತಿದ್ದಳು. ಗ್ಯಾದರಿಂಗಿನ ಹಿಂದಿನ ರಾತ್ರಿ ನಾನು ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆನು. “ಇದು ಮರ್ಯಾದಸ್ಥರ ಮಕ್ಕಳಿಗೆ ತಕ್ಕದ್ದಲ್ಲ,” ಎಂದೆನು. ಅವಳು ಅಳಲಿಲ್ಲ. ಗೆಜ್ಜೆಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೋರ್ಡಿಂಗಿಗೆ ಹೋದಳು. ಆ ಬಳಿಕ ಪ್ರಾರ್ಥನೆಯ ವೇಳೆಯಲ್ಲಿಯೂ ಅವಳ ಕಂಠವು ಕೇಳಿಬರಲಿಲ್ಲ. ಆಯಿಯ ಬಾಯಿ ಮುಚ್ಚಿಸಿದವರಿಗೂ ನನಗೂ ಭೇದವೇನು?

ವಿಳಾಸ ಹುಡುಕಿ ಅವಳಿಗೆ ಪತ್ರ ಬರೆದು ಕ್ಷಮೆ ಕೇಳಿದೆನು. ತಿಂಗಳಾದ ಮೇಲೆ ಉತ್ತರ ಬಂದಿತು: “ಟೀಚರ್, ನಾ ಮತ್ತ ಕುಣೀಲಿಲ್ಲ. ಆದ್ರ ನನ್ನ ಮಗಳು ಛಲೋ ಹಾಡ್ತಾಳ. ಅಕೀಗೆ ಯಾರೂ ಬ್ಯಾಡ ಅನ್ನಬಾರದು ನೋಡ್ರಿ.” ಮೊದಲನೆಯ ವಾಕ್ಯವನ್ನು ನಾನು ಇನ್ನೂ ಮರೆತಿಲ್ಲ, ಮರೆಯಬಾರದು.

ಎಲ್ಲ ಹಾಡೂ ಒಳ್ಳೆಯದೆಂದು ನಾನು ಹೇಳುವದಿಲ್ಲ. ಆರಿಸಿಕೊಳ್ಳುವದನ್ನು ಕಲಿಸುವದೇ ಶಿಕ್ಷಕಿಯ ಕೆಲಸ. ಆದರೆ ಆರಿಸುವ ಮೊದಲು ಕೇಳಬೇಕಲ್ಲವೆ? ಈಗ ನಮ್ಮ ಗ್ಯಾದರಿಂಗಿನ ಪಟ್ಟಿಯನ್ನು ಮಕ್ಕಳೊಡನೆ ಕುಳಿತು, ಹಾಡುಗಳನ್ನು ಪೂರ್ತಿ ಕೇಳಿಯೇ ಸಿದ್ಧಪಡಿಸುತ್ತೇವೆ.

ಕಡೆಯದಾಗಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ವಯಸ್ಸಾದ ತಾಯಂದಿರು ಏನಾದರೂ ಗುನುಗುತ್ತಿದ್ದರೆ ಅವರ ಹತ್ತಿರ ಕುಳಿತು ಕೇಳಿರಿ. “ಸುಮ್ನ,” ಎಂದರೆ ಬಿಡಬೇಡಿರಿ; ಮತ್ತೊಮ್ಮೆ ಕೇಳಿರಿ. ನಾನು ಕೇಳಲಿಲ್ಲ.